ಅರ್ಜಿ ಹಾಕು ಅಂದವರು

ನಮ್ಮಪ್ಪ ಹುಬ್ಬಳ್ಳಿಯಲ್ಲಿ ಬೋರ್ಡ್ ಬರೆಯುತ್ತಿದ್ದರು. ಕಿರಾಣಿ ಅಂಗಡಿ, ದವಾಖಾನೆ, ಖಾನಾವಳಿ, ಗ್ಯಾರೇಜು ಎಲ್ಲ ಕಡೆ ಅವರ ಅಕ್ಷರ. ಕೆಲಸ ಕೇಳಿಕೊಂಡು ಅವರು ಯಾರ ಮನೆಗೂ ಹೋದದ್ದನ್ನು ನಾನು ನೋಡಿಲ್ಲ. ಗಿರಾಕಿ ತಾನೇ ಬರುತ್ತಿದ್ದ, ಅಳತೆ ಹೇಳುತ್ತಿದ್ದ, ಅಡ್ವಾನ್ಸ್ ಕೊಟ್ಟು ಹೋಗುತ್ತಿದ್ದ. ಆಮೇಲೆ ಫ್ಲೆಕ್ಸ್ ಬಂತು. ಕೆಲವೇ ವರ್ಷಗಳಲ್ಲಿ ಬಾಗಿಲಿಗೆ ಬರುವವರು ನಿಂತುಹೋದರು. ಅಪ್ಪನ ಕೈ ಕೆಟ್ಟಿರಲಿಲ್ಲ, ಅಕ್ಷರ ಅಷ್ಟೇ ದುಂಡಗಿದ್ದವು. ಕೆಲಸದ ದಾರಿ ಮಾತ್ರ ಬೇರೆಡೆಗೆ ತಿರುಗಿತ್ತು, ಎಲ್ಲಿಗೆ ಎಂದು ಅವರಿಗೆ ಹೇಳುವವರು ಯಾರೂ ಇರಲಿಲ್ಲ.

ಕಲಾವಿದೆಯಾಗಿ ಇಷ್ಟು ವರ್ಷ ಬದುಕಿದ ಮೇಲೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಪ್ರತಿಭೆ, ಅಭ್ಯಾಸ, ಹಟ ಎಲ್ಲ ಬೇಕು. ಆದರೆ ಎಲ್ಲಿ ಕೆಲಸ ಇದೆ, ಎಲ್ಲಿ ಜಾಗ ಇದೆ, ಯಾವ ಷರತ್ತಿಗೆ ಒಪ್ಪಬೇಕು, ಯಾವುದಕ್ಕೆ ಒಪ್ಪಬಾರದು ಎಂಬ ಸುದ್ದಿ ಯಾರಿಗೆ ತಲುಪುತ್ತದೋ ಅವರೇ ಮುಂದೆ ಕಲಾವಿದರಾಗಿ ಉಳಿಯುತ್ತಾರೆ. ನನಗೆ ಆ ಸುದ್ದಿ ತಲುಪಿಸಿದವರು ಕೆಲವರಿದ್ದರು. ಇದು ಅವರ ನೆನಪು.

ನಾನು ಚಿತ್ರಕಲೆ ಕಲಿತದ್ದು ಧಾರವಾಡದಲ್ಲಿ. ಡಿ.ವಿ. ಹಾಲಭಾವಿಯವರು ಅಲ್ಲಿ ಕಲಾಶಾಲೆ ಕಟ್ಟಿದ ಕಥೆ ಕೇಳುತ್ತಲೇ ನಮ್ಮ ವಿದ್ಯಾರ್ಥಿ ದಿನಗಳು ಶುರುವಾದವು. ನೋಟಿಸ್ ಬೋರ್ಡಿನಲ್ಲಿ ಮೂರು ಬಗೆಯ ಕಾಗದ ಕಾಣುತ್ತಿದ್ದವು: ಮೈಸೂರು ದಸರಾ ಕಲಾ ಪ್ರದರ್ಶನದ ಪ್ರಕಟಣೆ, ಲಲಿತಕಲಾ ಅಕಾಡೆಮಿಯ ವಾರ್ಷಿಕ ಪ್ರದರ್ಶನದ ಅರ್ಜಿ, ಎಲ್ಲಾದರೂ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರ ಜಾಗ ಖಾಲಿ ಇದೆ ಎಂಬ ಸುದ್ದಿ. ಇವುಗಳ ಜೊತೆಗೆ ನಮಗೆ ಗೊತ್ತಿದ್ದದ್ದು ಶಿಬಿರ. ಹತ್ತು-ಹದಿನೈದು ಜನರನ್ನು ಒಂದೂರಿಗೆ ಕರೆಸಿ, ಊಟ-ವಸತಿ ಕೊಟ್ಟು, ಕ್ಯಾನ್ವಾಸೋ ಕಲ್ಲೋ ಒದಗಿಸಿ, ಕೊನೆಗೆ ಗೌರವಧನ ಕೊಟ್ಟು ಕಳಿಸುತ್ತಿದ್ದರು. ಮಾಡಿದ ಕೃತಿ ಕರೆಸಿದವರ ಪಾಲು. ಕರ್ನಾಟಕದ ಎಷ್ಟೋ ಶಿಲ್ಪಿಗಳು, ಚಿತ್ರಕಾರರು ಮನೆ ಬಿಟ್ಟು ಹೊರಗೆ ಕುಳಿತು ಕೆಲಸ ಮಾಡಿದ್ದು ಮೊದಲು ಇಂಥ ಶಿಬಿರಗಳಲ್ಲೇ. ಅವುಗಳ ಋಣ ದೊಡ್ಡದು. ಆದರೆ ಶಿಬಿರದಲ್ಲಿ ಹದಿನೈದನೇ ದಿನಕ್ಕೆ ಕೃತಿ ಮುಗಿದಿರಬೇಕು. ಹಾಗಾಗಿ ಗೊತ್ತಿದ್ದ ಕೆಲಸವನ್ನೇ ಎಲ್ಲರೂ ಮತ್ತೊಮ್ಮೆ ಮಾಡಿ ಬರುತ್ತಿದ್ದರು. ಗೊತ್ತಿಲ್ಲದ್ದನ್ನು ಮಾಡಿ ನೋಡಲು, ಕೆಡಿಸಲು, ಮತ್ತೆ ಮಾಡಲು ಸಮಯ ಕೊಡುವ ಜಾಗಗಳಿವೆ ಎಂದು ನಮಗೆ ಯಾರೂ ಹೇಳಿರಲಿಲ್ಲ.

ಹೇಳಿದ್ದು ಒಬ್ಬ ಅಕ್ಕ. ನಮಗಿಂತ ನಾಲ್ಕೈದು ವರ್ಷ ದೊಡ್ಡವಳು, ಬರೋಡಕ್ಕೆ ಓದಲು ಹೋಗಿದ್ದಳು. ರಜೆಗೆ ಬಂದಾಗ ಒಂದು ಫೈಲು ತಂದು ಕ್ಯಾಂಟೀನಿನ ಮೇಜಿನ ಮೇಲೆ ಬಿಚ್ಚಿದಳು. ಒಳಗೆ ಅರ್ಜಿ ನಮೂನೆಗಳ ಜೆರಾಕ್ಸ್. ದೆಹಲಿಯ ಲಲಿತ ಕಲಾ ಅಕಾಡೆಮಿಯ ವಿದ್ಯಾರ್ಥಿವೇತನ, ಅಹಮದಾಬಾದಿನ ಕನೋರಿಯಾ ಕಲಾ ಕೇಂದ್ರ, ಇಂಗ್ಲೆಂಡಿಗೆ ಹೋಗುವವರಿಗೆ ನೆರವಾಗುವ ಚಾರ್ಲ್ಸ್ ವ್ಯಾಲೇಸ್ ಟ್ರಸ್ಟು, 1997ರಲ್ಲಿ ಕಲಾವಿದರೇ ಸೇರಿ ದೆಹಲಿಯಲ್ಲಿ ಶುರು ಮಾಡಿದ ಖೋಜ್. "ಅಡ್ರೆಸ್ ಬರಕೋರಿ ಎಲ್ಲಾರೂ. ನಾ ಒಬ್ಬಾಕಿನ ಹೋಗಿಬಂದ್ರ ಏನು ಬಂತು?" ಅಂದಳು. ನಮ್ಮಲ್ಲಿ ಒಬ್ಬ, "ಅಕ್ಕಾ, ನಮ್ಮಂಥವರನ್ನ ಅವರು ಕರೀತಾರೇನು?" ಎಂದು ಕೇಳಿದ. "ಅರ್ಜಿನ ಹಾಕಲಿಲ್ಲಂದ್ರ ನಿನ್ನ ಕರಿಯೋರು ಯಾರೋ? ಹಾಕು ಮೊದಲ" ಅಂದಳು.

ಎರಡು ಪುಟದಲ್ಲಿ ನಿಮ್ಮ ಕೆಲಸದ ಬಗ್ಗೆ ಬರೆಯಿರಿ ಎಂದು ಅಹಮದಾಬಾದಿನ ಅರ್ಜಿಯಲ್ಲಿತ್ತು. ಇಂಗ್ಲಿಷಿನಲ್ಲಿ ಬರೆಯಲು ಕೂತು ನಾನು ಯಾವುದೋ ಕ್ಯಾಟಲಾಗಿನ ಮಾತುಗಳನ್ನು ಜೋಡಿಸುತ್ತಿದ್ದೆ. ಅಕ್ಕ ಓದಿ, ಹಾಳೆ ಮಡಚಿಟ್ಟು, "ಮೊದಲ ಕನ್ನಡದಾಗ ಬರಿ. ನಿನಗ ಏನು ಬೇಕಂತ ಮೊದಲ ನಿನಗ ಗೊತ್ತಾಗಲಿ. ಇಂಗ್ಲಿಷ್ ಆಮ್ಯಾಲೆ ಮಾಡೂಣು" ಅಂದಳು. ಕನ್ನಡದಲ್ಲಿ ಬರೆದಾಗ ಎರಡು ಪುಟ ಅರ್ಧ ಪುಟಕ್ಕೆ ಇಳಿಯಿತು. ಬೋರ್ಡ್ ಬರೆಯುವವರ ಮಗಳು, ಗೋಡೆ ಅಂದರೆ ಇಷ್ಟ, ಬಣ್ಣ ಬಿಸಿಲಿಗೆ ಹೋಗುತ್ತದೆ, ಹೋಗದ ಬಣ್ಣದಲ್ಲಿ ಗೋಡೆಯ ಮೇಲೆ ಕೆಲಸ ಮಾಡುವುದು ಕಲಿಯಬೇಕು, ಸುಟ್ಟ ಮಣ್ಣಿನಲ್ಲಿ ಅದು ಸಾಧ್ಯ ಎಂದು ಕೇಳಿದ್ದೇನೆ. ಇಷ್ಟೇ ಇದ್ದದ್ದು. ಅದನ್ನೇ ಅವಳು ಇಂಗ್ಲಿಷಿಗೆ ತಿರುಗಿಸಿಕೊಟ್ಟಳು. ಇವತ್ತಿಗೂ ಯಾವ ಅರ್ಜಿಯನ್ನಾದರೂ ನಾನು ಮೊದಲು ಕನ್ನಡದಲ್ಲೇ ಬರೆಯುತ್ತೇನೆ. ಬೆಂಗಳೂರಿನಲ್ಲಿ 1993ರಲ್ಲಿ ಸ್ಥಾಪನೆಯಾದ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ಭಾರತೀಯ ಭಾಷೆಗಳಲ್ಲೇ ಪ್ರಸ್ತಾವನೆ ಸ್ವೀಕರಿಸುತ್ತದೆ ಎಂದು ಮುಂದೆ ಗೊತ್ತಾದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕನ್ನಡದಲ್ಲಿ ಅರ್ಜಿ ಬರೆಯಬಹುದು ಎಂಬ ಒಂದೇ ಸುದ್ದಿ ಮುಟ್ಟಿದರೆ ಅರ್ಧ ಕರ್ನಾಟಕದ ಕಲಾವಿದರ ಹೆದರಿಕೆ ಹೋಗುತ್ತದೆ.

ಅಹಮದಾಬಾದಿನಿಂದ ಕಾಗದ ಬಂದಾಗ ಅವ್ವನಿಗೆ ಅರ್ಥವಾಗಲಿಲ್ಲ.

"ಅಲ್ಲಿ ಕೆಲಸ ಏನು?"

"ಇಂಥಾದ್ದ ಅಂತ ಇಲ್ಲವಾ. ನನಗ ಬೇಕಾದ್ದು ಮಾಡೂದು."

"ಯಾರೂ ಏನೂ ಹೇಳಂಗಿಲ್ಲಂದ್ರ ನಿನ್ನ ಯಾಕ ಕರಿಸ್ಯಾರ ಮತ್ತ?"

ಅಪ್ಪ ಮಾತಾಡಲಿಲ್ಲ. ಮರುದಿನ ತಮ್ಮ ಹಳೇ ಕುಂಚಗಳಲ್ಲಿ ಒಳ್ಳೆಯವನ್ನು ಆರಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿ ನನ್ನ ಟ್ರಂಕಿನಲ್ಲಿ ಇಟ್ಟರು. ಅದೇ ಒಪ್ಪಿಗೆ.

ಕನೋರಿಯಾ ಕಲಾ ಕೇಂದ್ರ ಶುರುವಾದದ್ದು 1984ರಲ್ಲಿ. ಬಿ.ವಿ. ದೋಶಿಯವರ ವಿನ್ಯಾಸದ ಇಟ್ಟಿಗೆ ಕಟ್ಟಡ. ಪಕ್ಕದಲ್ಲೇ ವಾಸ್ತುಶಿಲ್ಪ ಕಲಿಸುವ ಸೆಪ್ಟ್. ಕೂಗಳತೆಯಲ್ಲಿ ದೋಶಿಯವರೂ ಎಂ.ಎಫ್. ಹುಸೇನರೂ ಕೂಡಿ ನೆಲದೊಳಗೆ ಕಟ್ಟಿದ ಗುಫಾ. ಒಂದು ಕಡೆ ಚಿತ್ರಕಾರರು, ಇನ್ನೊಂದು ಕಡೆ ಶಿಲ್ಪಿಗಳು, ಮುದ್ರಣ ಮಾಡುವವರು, ಮಣ್ಣಿನ ಕೆಲಸದವರು. ಯಾವ ಸ್ಟುಡಿಯೋಗೆ ಬೇಕಾದರೂ ಹೋಗಿ ನಿಂತು ನೋಡಬಹುದು. ಬೆಳಿಗ್ಗೆ ಯಾರೂ ಹಾಜರಿ ಕೂಗುವುದಿಲ್ಲ, ಸಂಜೆ ಯಾರೂ ಲೆಕ್ಕ ಕೇಳುವುದಿಲ್ಲ. ಮೊದಮೊದಲು ಈ ಬಿಡುವು ನನ್ನನ್ನು ಹೆದರಿಸಿತು. ಮನೆಯಲ್ಲಿ ಕೈ ಖಾಲಿ ಇದ್ದರೆ ಯಾರಾದರೂ ಕರೆದು ಒಂದು ಕೆಲಸ ಹೇಳುತ್ತಿದ್ದರು. ಇಲ್ಲಿ ನನ್ನ ಕೈಗೆ ನಾನೇ ಕೆಲಸ ಹೇಳಬೇಕಿತ್ತು. ಅದನ್ನು ಕಲಿತದ್ದೇ ಆ ಊರಿನಿಂದ ನನಗೆ ಸಿಕ್ಕ ದೊಡ್ಡ ಸಂಪಾದನೆ.

ಎರಡನೆಯದು ಮಣ್ಣಿನ ಲೆಕ್ಕ. ಹಸಿ ಮಣ್ಣು ಒಣಗುವಾಗ ಒಮ್ಮೆ, ಭಟ್ಟಿಯಲ್ಲಿ ಬೇಯುವಾಗ ಇನ್ನೊಮ್ಮೆ ಕುಗ್ಗುತ್ತದೆ. ಹೆಚ್ಚು ಶಾಖಕ್ಕೆ ಸುಡುವ ಮಣ್ಣಾದರೆ ಒಟ್ಟು ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚೇ ಹೋಗುತ್ತದೆ. ಹತ್ತಡಿಯ ಗೋಡೆ ತುಂಬಬೇಕಾದರೆ ಹನ್ನೊಂದಡಿ ದಾಟಿ ಹಸಿ ಮಣ್ಣು ಹಾಸಬೇಕು. ನೆಲದ ಮೇಲೆ ಗೋಣಿ ಹಾಸಿ, ಅದರ ಮೇಲೆ ಮಣ್ಣು ಬಡಿದು, ಉಬ್ಬುಚಿತ್ರ ಮಾಡಿ, ಮಣ್ಣು ಅರೆ ಒಣಗಿ ಚಾಕುವಿಗೆ ಸಲೀಸಾಗಿ ಸಿಗುವ ಹದಕ್ಕೆ ಬಂದಾಗ ತುಂಡು ಮಾಡಬೇಕು. ಅಡ್ಡಾದಿಡ್ಡಿ ಕೊಯ್ದರೆ ಮುಖದ ನಟ್ಟನಡುವೆ ಗೆರೆ ಬೀಳುತ್ತದೆ. ಹಾಗಾಗಿ ಕೊಯ್ಯುವ ಗೆರೆಯೂ ಚಿತ್ರದ ಗೆರೆಯ ಜೊತೆ ಹೋಗಬೇಕು: ಸೆರಗಿನ ಅಂಚು, ತೋಳಿನ ತಿರುವು, ಮರದ ಕೊಂಬೆ. ಪ್ರತಿ ತುಂಡಿನ ಹಿಂಬದಿ ಬಗೆದು ತೆಳು ಮಾಡಿ, ನಂಬರು ಕೆತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ನಿಧಾನಕ್ಕೆ ಒಣಗಿಸಬೇಕು. ಅವಸರ ಮಾಡಿದರೆ ತುಂಡು ಸೊಟ್ಟಗಾಗುತ್ತದೆ, ಭಟ್ಟಿಯಲ್ಲಿ ಸೀಳುತ್ತದೆ. ಚಿಕ್ಕ ನಕ್ಷೆಯನ್ನು ಚೌಕ ಹಾಕಿ ಗೋಡೆಗೆ ದೊಡ್ಡದು ಮಾಡುವುದು, ದಾರಕ್ಕೆ ಬಣ್ಣದ ಪುಡಿ ಹಚ್ಚಿ ಮೀಟಿ ಗೆರೆ ಎಳೆಯುವುದು ಅಪ್ಪನಿಂದ ಬಂದ ವಿದ್ಯೆ. ಅದೇ ವಿದ್ಯೆಗೆ ಅಹಮದಾಬಾದಿನಲ್ಲಿ ಕುಗ್ಗುವಿಕೆಯ ಲೆಕ್ಕ ಸೇರಿತು.

ಅಲ್ಲಿದ್ದ ಹಿರಿಯರೊಬ್ಬರು ನನ್ನ ಕೆಲಸ ನೋಡಿ, ಲಖನೌಗೆ ಹೋಗಿ ರವೀಂದ್ರಾಲಯದ ಗೋಡೆ ನೋಡಿ ಬಾ ಅಂದರು. ಹೋದೆ. ಚಾರ್‌ಬಾಗ್ ರೈಲು ನಿಲ್ದಾಣದಿಂದ ಹೊರಬಿದ್ದರೆ ಸ್ವಲ್ಪ ದೂರದಲ್ಲೇ ಆ ರಂಗಮಂದಿರ. ಹೊರಗೋಡೆಯ ಮೇಲೆ ಕೆ.ಜಿ. ಸುಬ್ರಮಣ್ಯನ್ ಅವರು 1963ರಲ್ಲಿ ಮಾಡಿದ ಸುಟ್ಟ ಮಣ್ಣಿನ ಭಿತ್ತಿ. ರವೀಂದ್ರನಾಥ ಠಾಕೂರರ ನಾಟಕವೊಂದು ಅದರ ವಸ್ತು. ಸಾವಿರಾರು ಸಣ್ಣ ತುಂಡುಗಳು. ಹತ್ತಿರ ಹೋದರೆ ಒಂದೊಂದು ತುಂಡಿನಲ್ಲೂ ಬೆರಳಿನ ಒತ್ತು, ದೂರ ಬಂದರೆ ರಾಜ, ರಾಣಿ, ಜನಜಂಗುಳಿ. ಟಿಕೀಟು ತೆಗೆಸಲು ಓಡುವವರು, ರಿಕ್ಷಾದವರು, ಚಹಾ ಮಾರುವವರು ಆ ಗೋಡೆಯ ಮುಂದೆ ದಿನವೂ ಓಡಾಡುತ್ತಾರೆ. ಗ್ಯಾಲರಿಯ ಬಾಗಿಲು ದಾಟದ ಮನುಷ್ಯನಿಗೂ ಸಿಗುವ ಕಲೆ ಅಂದರೆ ಇದು. ಇದನ್ನೇ ಮಾಡಬೇಕು ಎಂದು ಅಲ್ಲಿ ನಿಂತೇ ನಿಶ್ಚಯಿಸಿದೆ.

ಬೆಂಗಳೂರಿಗೆ ಬಂದದ್ದು ಅದೇ ಆಸೆಯಿಂದ. ಆಗ ನಗರದಲ್ಲಿ ಕಲಾವಿದರೇ ನಡೆಸುವ ಜಾಗಗಳು ಕಣ್ಣು ಬಿಡುತ್ತಿದ್ದವು. 2001ರಲ್ಲಿ ಕೆಲವು ಕಲಾವಿದರು ಸೇರಿ ಬಾರ್ ಒನ್ ಎಂಬ ರೆಸಿಡೆನ್ಸಿ, ಅಂದರೆ ಕಲಾವಿದರು ಬಂದು ಇದ್ದು ಕೆಲಸ ಮಾಡುವ ಜಾಗ, ಶುರು ಮಾಡಿದ್ದರು. ಸುರೇಶ್ ಜಯರಾಮ್ ಅವರು ತಮ್ಮ ಮನೆಯನ್ನೇ 1 ಶಾಂತಿರೋಡ್ ಎಂಬ ಸ್ಟುಡಿಯೋ ಮಾಡಿ ಊರೂರಿನ, ದೇಶದೇಶದ ಕಲಾವಿದರಿಗೆ ಬಿಟ್ಟುಕೊಟ್ಟಿದ್ದರು. ಸಂಜೆ ಅಲ್ಲಿ ಸ್ಲೈಡು ತೋರಿಸಿ ಮಾತಾಡುವ ಕಾರ್ಯಕ್ರಮ ಇರುತ್ತಿತ್ತು. ಮಾತು ಮುಗಿದ ಮೇಲೆ ಚಹಾ ಹಿಡಿದು ನಿಂತಾಗ ನಿಜವಾದ ಸುದ್ದಿಗಳು ಹೊರಬರುತ್ತಿದ್ದವು. ಆಮ್ಸ್ಟರ್‌ಡ್ಯಾಮಿನ ರೈಕ್ಸ್ ಅಕಾಡೆಮಿಗೆ ಯಾವಾಗ ಅರ್ಜಿ, ಲಂಡನ್ನಿನ ಗ್ಯಾಸ್‌ವರ್ಕ್ಸ್‌ಗೆ ಯಾರನ್ನು ಕೇಳಬೇಕು, ಪ್ಯಾರಿಸ್ಸಿನಲ್ಲಿ ಕಲಾವಿದರು ಉಳಿಯುವ ಸಿತೆಯಲ್ಲಿ ಕೋಣೆ ಹೇಗೆ ಸಿಗುತ್ತದೆ. ಕೇಳುತ್ತ ಕೇಳುತ್ತ ನನಗೆ ಒಂದು ಸಂಗತಿ ಹೊಳೆಯಿತು. ಈ ಸುದ್ದಿಯಲ್ಲಿ ಗುಟ್ಟೇನೂ ಇಲ್ಲ, ಕೇಳಿದವರಿಗೆಲ್ಲ ಹೇಳುತ್ತಾರೆ. ಆದರೆ ಸಂಜೆ ಆರಕ್ಕೆ ಶಾಂತಿ ರಸ್ತೆಗೆ ಬರಬಲ್ಲವರಿಗೆ ಮಾತ್ರ ಅದು ಸಿಗುತ್ತದೆ. ಕಲಬುರಗಿಯ ಹುಡುಗ, ರಾಯಚೂರಿನ ಹುಡುಗಿ ಅಲ್ಲಿಗೆ ಬರುವುದು ಹೇಗೆ?

2009ರ ಹೊತ್ತಿಗೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಸ್ತೆ ಬದಿಯ ಗೋಡೆಗಳ ಮೇಲೆ ಚಿತ್ರ ಬರೆಸಲು ಶುರು ಮಾಡಿತು. ಹಂಪಿಯ ಕಲ್ಲಿನ ರಥ, ಮೈಸೂರು ಅರಮನೆ, ಜೋಗ, ಹುಲಿ, ಆನೆ. ಬರೆದವರಲ್ಲಿ ಬಹಳ ಮಂದಿ ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಕಲಾವಿದರು. ಕಲೆ ಕಲಿತ ನನ್ನ ಗೆಳೆಯರು ಆ ಗೋಡೆಗಳನ್ನು ನೋಡಿ ಮೂಗು ಮುರಿದರು. ನನಗೆ ಹಾಗನ್ನಿಸಲಿಲ್ಲ. ಏಣಿಯ ಮೇಲೆ ನಿಂತು ಬಕೇಟಿನಲ್ಲಿ ಬಣ್ಣ ಕಲಸುತ್ತಿದ್ದ ಆ ಮೇಸ್ತ್ರಿಗಳಲ್ಲಿ ನಾನು ಅಪ್ಪನನ್ನೇ ನೋಡಿದೆ. ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡಿ, ಊರಿನಲ್ಲಿ ಸುಮ್ಮನೆ ಕೂತಿದ್ದವರನ್ನು ಬಸ್ಸು ಹತ್ತಿಸಿ ಕರೆಸಿಕೊಂಡಿದ್ದರು. ಒಂದೊಂದು ಗೋಡೆಗೆ ಒಂದೊಂದು ತಂಡ. ಸಾರ್ವಜನಿಕ ಹಣ ಸಾರ್ವಜನಿಕ ಗೋಡೆಯ ಮೂಲಕ ನಿಜವಾಗಿ ಕೆಲಸ ಬೇಕಿದ್ದವರ ಕೈಗೆ ಹೋಯಿತು. ವಿಷಯಗಳ ಆಯ್ಕೆ ಇನ್ನೂ ಚೆನ್ನಾಗಿರಬಹುದಿತ್ತು, ಅದು ಬೇರೆ ಮಾತು. ಸುದ್ದಿ ಹಂಚಿಕೊಳ್ಳುವ ವಿಷಯದಲ್ಲಿ ಆ ಬ್ಯಾನರ್ ಕಲಾವಿದರು ನಮಗಿಂತ ಎಷ್ಟೋ ಮುಂದಿದ್ದರು.

ನನಗೆ ಮೊದಲ ದೊಡ್ಡ ಗೋಡೆ ಸಿಕ್ಕಿದ್ದು ಒಂದು ಜಿಲ್ಲಾ ಕೇಂದ್ರದ ಸರ್ಕಾರಿ ಕಟ್ಟಡದಲ್ಲಿ. ಸಿಕ್ಕಿದ್ದು ಅಂದರೆ ನೇರವಾಗಿ ಅಲ್ಲ. ಕಟ್ಟಡದ ಟೆಂಡರಿನಲ್ಲಿ ಕಲಾಕೃತಿಯೂ ಒಂದು ಬಾಬ್ತು. ಟೆಂಡರು ಹಾಕಲು ಗುತ್ತಿಗೆದಾರನ ಲೈಸೆನ್ಸು ಬೇಕು, ಇ.ಎಂ.ಡಿ. ಎಂಬ ಮುಂಗಡ ಠೇವಣಿ ಕಟ್ಟಬೇಕು, ಹಿಂದಿನ ವರ್ಷಗಳ ವಹಿವಾಟು ತೋರಿಸಬೇಕು. ಕಲಾವಿದರ ಹತ್ತಿರ ಇವು ಯಾವುವೂ ಇರುವುದಿಲ್ಲ. ಹಾಗಾಗಿ ಗುತ್ತಿಗೆದಾರರು ತೆಗೆದುಕೊಂಡರು, ಅವರ ಕೈಕೆಳಗೆ ನಾನು. ಎಂಜಿನಿಯರು ಕೇಳಿದ ಮೊದಲ ಪ್ರಶ್ನೆ, "ಮೇಡಂ, ಚದರಡಿಗೆ ಎಷ್ಟು?" ಇಲಾಖೆಯ ಎಸ್.ಆರ್. ಎಂಬ ದರಪಟ್ಟಿ ಪುಸ್ತಕದಲ್ಲಿ ಇಟ್ಟಿಗೆ, ಗಾರೆ, ಟೈಲ್ಸು, ಬಣ್ಣ ಎಲ್ಲಕ್ಕೂ ದರ ಇದೆ. ಉಬ್ಬುಚಿತ್ರಕ್ಕೆ ಇಲ್ಲ. ಕೊನೆಗೆ ಅದನ್ನು ಟೈಲ್ಸಿನ ಪಕ್ಕಕ್ಕೇ ಬರೆದುಕೊಂಡರು. ಆ ಎಂಜಿನಿಯರು ಕೆಟ್ಟವರಲ್ಲ. ಎಂ.ಬಿ. ಎಂಬ ಅಳತೆ ಪುಸ್ತಕದಲ್ಲಿ ಬರೆದರೆ ಮಾತ್ರ ಬಿಲ್ ಪಾಸಾಗುತ್ತದೆ, ಅವರ ಬಳಿ ಇದ್ದದ್ದು ಅಳತೆಯ ಟೇಪು ಒಂದೇ.

ಬಿಲ್ಲಿಗಾಗಿ ಕಾಯುವ ಆ ಕಾಲದಲ್ಲಿ ಒಬ್ಬ ಹಿರಿಯ ಶಿಲ್ಪಿ ನನ್ನನ್ನು ಕೂರಿಸಿಕೊಂಡು ರಾಮ್‌ಕಿಂಕರ್ ಬೈಜ್ ಅವರ ಕಥೆ ಹೇಳಿದರು. ಸರ್ಕಾರಿ ಕಟ್ಟಡಗಳಲ್ಲಿ ಭಾರತೀಯ ಕಲಾವಿದರ ಕೃತಿಗಳು ಇರಬೇಕು ಎಂಬುದು ನೆಹರೂ ಅವರ ಆಸೆ. ಅದರಂತೆ ದೆಹಲಿಯ ರಿಸರ್ವ್ ಬ್ಯಾಂಕ್ ಕಟ್ಟಡದ ಬಾಗಿಲಿಗೆ ಶಿಲ್ಪಗಳನ್ನು ಮಾಡಿಸಲು ಬ್ಯಾಂಕು ಕಲಾವಿದರಿಂದ ಪ್ರಸ್ತಾವನೆ ಕೇಳಿತು. ಶಾಂತಿನಿಕೇತನದ ರಾಮ್‌ಕಿಂಕರ್ ಅವರ ಯಕ್ಷ-ಯಕ್ಷಿ ಆಯ್ಕೆಯಾದವು. ಯಕ್ಷನ ಒಂದು ಕೈಯಲ್ಲಿ ಹಣದ ಚೀಲ, ಇನ್ನೊಂದರಲ್ಲಿ ಯಂತ್ರದ ಹಲ್ಲುಚಕ್ರ. ಐವತ್ತರ ದಶಕದ ನಡುವೆ ಶುರುವಾದ ಕೆಲಸ, ತಕ್ಕ ಕಲ್ಲು ಹುಡುಕುವುದು, ಸಾಗಿಸುವುದು, ಹಣದ ಲೆಕ್ಕ ಎಂದು ಎಳೆದು ಎಳೆದು, ಶಿಲ್ಪಗಳು ನಿಂತದ್ದು 1967ರಲ್ಲಿ. ನಿಂತ ಮೇಲೆ ಯಕ್ಷಿಯ ಮೈಮೇಲೆ ಬಟ್ಟೆ ಇಲ್ಲ ಎಂದು ಸಂಸತ್ತಿನಲ್ಲಿ ಗದ್ದಲ. "ಇವತ್ತು ಬ್ಯಾಂಕಿನ ಮುಂದೆ ಅವು ನಿಂತೇ ಇವೆಯಲ್ಲಮ್ಮ. ಗದ್ದಲ ಮಾಡಿದವರ ಹೆಸರು ಯಾರಿಗೆ ನೆನಪಿದೆ?" ಅಂದರು ಅವರು. ಆ ಮಾತು ನನ್ನನ್ನು ಕೈ ಹಿಡಿದು ನಿಲ್ಲಿಸಿತು.

ಕೆಲವು ವರ್ಷಗಳ ನಂತರ ಆ ಕಟ್ಟಡಕ್ಕೆ ಹೋದರೆ ನನ್ನ ಭಿತ್ತಿಯ ಒಂದು ಭಾಗ ಇರಲಿಲ್ಲ. ಹೊಸ ಕೌಂಟರು ಮಾಡುವಾಗ ಒಡೆದು ತೆಗೆದಿದ್ದರು. ನನಗೆ ಒಂದು ಕಾಗದವೂ ಬಂದಿರಲಿಲ್ಲ. ಗೋಡೆಯ ಮೇಲೆ ನನ್ನ ಹೆಸರಿಲ್ಲ, ಗುತ್ತಿಗೆದಾರರ ಹೆಸರು ಶಂಕುಸ್ಥಾಪನೆಯ ಕಲ್ಲಿನ ಮೇಲಿತ್ತು. ಆ ನೋವಿನಲ್ಲಿದ್ದಾಗ ವಕೀಲೆಯಾಗಿದ್ದ ಗೆಳತಿ ಹೇಳಿದ್ದು ಅಮರನಾಥ ಸೆಹಗಲ್ ಅವರ ಮೊಕದ್ದಮೆ. ಪ್ರತಿಯೊಬ್ಬ ಕಲಾವಿದನಿಗೂ ಇದು ಗೊತ್ತಿರಬೇಕು. ದೆಹಲಿಯ ವಿಜ್ಞಾನ ಭವನಕ್ಕಾಗಿ ಕೇಂದ್ರ ಸರ್ಕಾರ 1957ರಲ್ಲಿ ಸೆಹಗಲ್ ಅವರಿಗೆ ಕಂಚಿನ ಭಿತ್ತಿಶಿಲ್ಪ ಮಾಡಲು ಹೇಳಿತು. ಸುಮಾರು 140 ಅಡಿ ಉದ್ದ, 40 ಅಡಿ ಎತ್ತರ. ರೈತರು, ಕುಶಲಕರ್ಮಿಗಳು, ನಮ್ಮ ದೇಶದ ದುಡಿಯುವ ಬದುಕು ಅದರಲ್ಲಿತ್ತು. 1962ರಲ್ಲಿ ಮುಗಿಯಿತು. 1979ರಲ್ಲಿ ಕಟ್ಟಡದ ದುರಸ್ತಿಗೆಂದು ಅದನ್ನು ಕಿತ್ತು ಗೋದಾಮಿಗೆ ಹಾಕಿದರು. ತುಂಡಾಯಿತು, ಕೆಲವು ಭಾಗ ಕಳೆದೇಹೋದವು. ಸೆಹಗಲ್ ಅವರು ಕಾಗದದ ಮೇಲೆ ಕಾಗದ ಬರೆದು, ಕೊನೆಗೆ 1992ರಲ್ಲಿ ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟು ತೀರ್ಪು ಕೊಟ್ಟಿತು. ಕೃತಿಯನ್ನು ಕೊಂಡವರು ಸರ್ಕಾರವೇ ಆದರೂ, ಅದನ್ನು ವಿರೂಪ ಮಾಡದಂತೆ ತಡೆಯುವ ಹಕ್ಕು ಕಲಾವಿದನಲ್ಲಿ ಉಳಿದಿರುತ್ತದೆ. 1957ರ ಕೃತಿಸ್ವಾಮ್ಯ ಅಧಿನಿಯಮದ 57ನೇ ಕಲಮು ಹೇಳುವುದು ಇದನ್ನೇ. ಉಳಿದ ಭಾಗಗಳನ್ನು ಸೆಹಗಲ್ ಅವರಿಗೆ ಹಿಂತಿರುಗಿಸಬೇಕು, 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದಿತು ನ್ಯಾಯಾಲಯ.

ಕಲಾಶಾಲೆಯಲ್ಲಿ ಕಲಿತಷ್ಟೂ ವರ್ಷ ಈ ಕಲಮಿನ ಹೆಸರನ್ನು ನಮಗೆ ಯಾರೂ ಹೇಳಿರಲಿಲ್ಲ. ದೇಹದ ಅಳತೆ ಕಲಿಸಿದರು, ಬಣ್ಣದ ಚಕ್ರ ಕಲಿಸಿದರು. ಕೆಲಸ ಸಿಕ್ಕಾಗ ಏನೆಂದು ಬರೆಸಿಕೊಳ್ಳಬೇಕು ಎಂಬುದು ಪಠ್ಯದಲ್ಲಿರಲಿಲ್ಲ.

ಮುಂದೆ ಒಂದು ಕಾಲೇಜಿನ ಗ್ರಂಥಾಲಯದ ಗೋಡೆಗೆ ಕರೆ ಬಂದಾಗ ನಾನೇ ಎರಡು ಪುಟದ ಕರಾರು ಬರೆದುಕೊಂಡು ಹೋದೆ, ಕನ್ನಡದಲ್ಲಿ. ನಕ್ಷೆಗೆ ಬೇರೆ ಸಂಭಾವನೆ. ಒಪ್ಪಿದ ದಿನ ಹಣದ ಮೂರನೇ ಒಂದು ಪಾಲು, ಯಾಕೆಂದರೆ ಮಣ್ಣು, ಭಟ್ಟಿಯ ಗ್ಯಾಸು, ಸಹಾಯಕರ ಕೂಲಿ ಮೊದಲೇ ಬೇಕು. ತುಂಡುಗಳು ಸುಟ್ಟು ಹೊರಬಂದಾಗ ಇನ್ನೊಂದು ಪಾಲು. ಗೋಡೆಗೆ ಕೂರಿಸಿದ ಮೇಲೆ ಉಳಿದದ್ದು. ಮಾಡಿದವರೆಲ್ಲರ ಹೆಸರು ಗೋಡೆಯ ಮೇಲೆ, ಸಹಾಯಕರದ್ದೂ ಸೇರಿ. ಮುಂದೆ ತೆಗೆಯಬೇಕಾದರೆ ಮೂರು ತಿಂಗಳು ಮೊದಲು ತಿಳಿಸಬೇಕು, ತೆಗೆದದ್ದನ್ನು ನನಗೆ ಕೊಡಬೇಕು. ಪ್ರಾಂಶುಪಾಲರು ನಿಧಾನವಾಗಿ ಓದಿ, "ಇದರಾಗ ತಪ್ಪೇನೈತಿ? ಎಲ್ಲಾರೂ ಹಿಂಗ ಬರಕೊಂಡು ಬಂದ್ರ ನಮಗೂ ಅನುಕೂಲ" ಎಂದು ಸಹಿ ಹಾಕಿದರು. ಇಷ್ಟು ಸಲೀಸಾಗಿ ಆಗುವ ಕೆಲಸಕ್ಕೆ ನಾವು ಇಷ್ಟು ವರ್ಷ ಅಂಜಿಕೊಂಡು ಕೂತಿದ್ದೆವಲ್ಲ ಅನ್ನಿಸಿತು. ಆ ಗೋಡೆಗೆ ದಾರ ಮೀಟಿ ಗೆರೆ ಹಾಕಿಕೊಟ್ಟದ್ದು ಅಪ್ಪ. ಹೆಸರುಗಳನ್ನು ಬರೆದದ್ದೂ ಅವರೇ.

ಈಗ ಹುಡುಗರು, ಹುಡುಗಿಯರು ನನ್ನನ್ನು ಕೇಳುತ್ತಾರೆ, ರೆಸಿಡೆನ್ಸಿ ಹೇಗೆ ಸಿಗುತ್ತದೆ ಮೇಡಂ ಎಂದು. ಮೊದಲು ಯಾರು ಯಾವ ಖರ್ಚು ಕೊಡುತ್ತಾರೆ ನೋಡಿ ಅನ್ನುತ್ತೇನೆ: ರೈಲಿನ ಟಿಕೀಟು, ಉಳಿಯುವ ಕೋಣೆ, ಊಟ, ಸಾಮಾನು. ಎಲ್ಲವನ್ನೂ ನಮ್ಮಿಂದಲೇ ತೆಗೆದುಕೊಂಡು ಸರ್ಟಿಫಿಕೇಟು ಕೊಡುವವರೂ ಇದ್ದಾರೆ, ಅದು ಲಾಡ್ಜಿನ ವ್ಯವಹಾರ. ಮಾಡಿದ ಕೃತಿ ಯಾರದ್ದು, ಅದರ ಫೋಟೋ ಬಳಸುವ ಹಕ್ಕು ಯಾರದ್ದು ಎಂದು ನೋಡಿ. ಹಿಂದೆ ಹೋಗಿಬಂದವರನ್ನು ಹುಡುಕಿ ಮಾತಾಡಿಸಿ. ಕೆಲಸದ ಫೋಟೋ ಬೆಳಗಿನ ಬೆಳಕಿನಲ್ಲಿ, ಬಿಳಿ ಗೋಡೆಯ ಮುಂದೆ ನೆಟ್ಟಗೆ ನಿಲ್ಲಿಸಿ ತೆಗೆಯಿರಿ. ಎಲ್ಲ ಕಡೆಗೂ ಒಂದೇ ಅರ್ಜಿ ಕಳಿಸಬೇಡಿ; ಆ ಜಾಗದಲ್ಲಿ ಮಾತ್ರ ಆಗುವಂಥದ್ದು ನಿಮಗೇನು ಬೇಕೋ ಅದನ್ನು ಬರೆಯಿರಿ. ಇಲ್ಲ ಅಂದರೆ ಮುಂದಿನ ವರ್ಷ ಮತ್ತೆ ಹಾಕಿ. ಆಯ್ಕೆ ಮಾಡುವವರು ಪ್ರತಿ ವರ್ಷ ಬದಲಾಗುತ್ತಾರೆ, ನಿಮ್ಮ ಕೆಲಸವೂ ಬದಲಾಗಿರುತ್ತದೆ.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು ಸೇರಿಸುತ್ತೇನೆ. ಮಗಳು ಹುಟ್ಟಿದ ಮೇಲೆ ಬಹಳ ಕಾಲ ನಾನು ಎಲ್ಲಿಗೂ ಅರ್ಜಿ ಹಾಕಲಾಗಲಿಲ್ಲ. ಮಗುವನ್ನು ಕರೆತರಬಹುದು ಎಂದು ಹೇಳುವ ಜಾಗಗಳು ತೀರ ಕಡಿಮೆ. ಆದರೂ ಕೇಳಿ. ಕೇಳುವವರು ಹೆಚ್ಚಾದರೆ ನಿಯಮ ಬದಲಾಗುತ್ತದೆ. ಕೊನೆಗೆ ನನ್ನನ್ನು ಮಗಳ ಜೊತೆ ಬರಮಾಡಿಕೊಂಡ ಜಾಗವೊಂದು ಸಿಕ್ಕಿತು. ಬೇರೊಬ್ಬ ತಾಯಿ ನನಗಿಂತ ಮೊದಲು ಕೇಳಿದ್ದರಿಂದಲೇ ಅಲ್ಲಿ ಆ ಬಾಗಿಲು ತೆರೆದಿತ್ತು.

ಸಾರ್ವಜನಿಕ ಕಲೆಗೆ ನಮ್ಮಲ್ಲಿ ಹಣ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2013ರಲ್ಲಿ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಮೆಟ್ರೊ ನಿಲ್ದಾಣಕ್ಕೆ ಹೊಂದಿಕೊಂಡಂತೆ ರಂಗೋಲಿ ಕಲಾ ಕೇಂದ್ರ ಬಂತು. ಕಬ್ಬನ್ ಪಾರ್ಕ್ ನಿಲ್ದಾಣದ ಗೋಡೆಗಳ ಮೇಲೆ ಯುವ ಕಲಾವಿದರು ಕೆಲಸ ಮಾಡಿದರು. ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ಲು ಕರ್ನಾಟಕದ ಕಲೆ-ಸಂಸ್ಕೃತಿಯನ್ನೇ ವಸ್ತುವಾಗಿಟ್ಟು ಕಲಾಕೃತಿಗಳನ್ನು ಮಾಡಿಸಿತು. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ್ ಅವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ ನೋಡಿದರೆ ಸಾಕು, ನಮ್ಮ ಹಳ್ಳಿಯ ಹುಡುಗರ ಕೈಯಲ್ಲಿ ಸಿಮೆಂಟು ಎಂಥ ಬದುಕನ್ನು ಮೂಡಿಸಬಲ್ಲದು ಎಂದು ಗೊತ್ತಾಗುತ್ತದೆ. ಹಣವೂ ಇದೆ, ಕೈಗಳೂ ಇವೆ. ಎರಡನ್ನೂ ನ್ಯಾಯವಾಗಿ ಕೂಡಿಸುವ ದಾರಿ ಇಲ್ಲ.

ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಬೇಕೆಂದು ಕರ್ನಾಟಕ 1999ರಲ್ಲಿ ಕಾಯ್ದೆ ಮಾಡಿತು. ರಸ್ತೆ, ಚರಂಡಿ, ಕಂಪ್ಯೂಟರು ಕೊಳ್ಳಲು ಅದು ಬೇಕೇ ಬೇಕು. ಆದರೆ ಕಡಿಮೆ ದರ ಹಾಕಿದವರಿಗೆ ಕೆಲಸ ಎಂಬ ನಿಯಮದಲ್ಲಿ ಶಿಲ್ಪವನ್ನು ಆರಿಸಲಾಗದು. ಅಮೆರಿಕದ ಫಿಲಡೆಲ್ಫಿಯಾ ನಗರ 1959ರಲ್ಲೇ ಕಟ್ಟಡದ ವೆಚ್ಚದಲ್ಲಿ ಶೇ. 1ರಷ್ಟನ್ನು ಕಲೆಗೆ ತೆಗೆದಿಡುವ ನಿಯಮ ಮಾಡಿತು. ಅಂಥ ನಿಯಮಗಳಿರುವ ಎಷ್ಟೋ ಊರುಗಳಲ್ಲಿ ಮೊದಲು ಹಿಂದಿನ ಕೆಲಸ ನೋಡಿ ಕೆಲವರನ್ನು ಆರಿಸಿ, ಅವರಿಗೆ ಮಾತ್ರ ಹಣ ಕೊಟ್ಟು ನಕ್ಷೆ ಮಾಡಿಸಿ, ಕಲಾವಿದರೂ ಊರಿನವರೂ ಇರುವ ಸಮಿತಿ ಒಂದನ್ನು ಆರಿಸುತ್ತದೆ. ನಮಗೂ ಇದು ಸಾಧ್ಯ. ಅರ್ಜಿಯ ಕರೆ ಕನ್ನಡದಲ್ಲಿ ಬರಲಿ, ಎಲ್ಲ ಜಿಲ್ಲೆಗಳ ಕಲಾಶಾಲೆಗಳಿಗೂ ಹೋಗಲಿ, ಅರ್ಜಿ ಹಾಕಲು ಎರಡು ತಿಂಗಳಾದರೂ ಸಮಯವಿರಲಿ. ನಕ್ಷೆಗೆ ಸಂಭಾವನೆ ಇರಲಿ. ಗೋಡೆಯ ಮೇಲೆ ಹೆಸರಿರಲಿ. ಕೃತಿಯ ಆರೈಕೆಗೆ ಮೊದಲೇ ಹಣ ತೆಗೆದಿಡಲಿ.

ಇದು ಆಗುವವರೆಗೆ ನಮ್ಮ ಕೈಯಲ್ಲಿರುವುದು ಒಬ್ಬರಿಗೊಬ್ಬರು ಹೇಳುವುದು. ನನಗೆ ಬಂದ ಪ್ರತಿ ಕರೆಯನ್ನೂ ನಾನು ಧಾರವಾಡ, ದಾವಣಗೆರೆ, ಕಲಬುರಗಿ, ಮೈಸೂರಿನ ಗೆಳೆಯರಿಗೆ ಕಳಿಸುತ್ತೇನೆ, ಕೊನೆಯ ದಿನಾಂಕ ಮತ್ತು ಷರತ್ತುಗಳನ್ನು ಕನ್ನಡದಲ್ಲಿ ಬರೆದು. ನಾನೂ ಅದಕ್ಕೇ ಅರ್ಜಿ ಹಾಕುತ್ತಿದ್ದರೂ ಕಳಿಸುತ್ತೇನೆ. ಪೈಪೋಟಿ ಹೆಚ್ಚಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ಆಗಲಿ. ನನಗಿಂತ ಒಳ್ಳೆಯ ಕೆಲಸಗಾರ ಆ ಗೋಡೆಗೆ ಸಿಕ್ಕರೆ ಅದರ ಮುಂದೆ ಓಡಾಡುವ ಸಾವಿರಾರು ಜನರಿಗೆ ಒಳ್ಳೆಯದಾಗುತ್ತದೆ, ಆ ಜನರಲ್ಲಿ ನಾನೂ ಒಬ್ಬಳು. ಸಾರ್ವಜನಿಕ ಹಣದಲ್ಲಿ ಆಗುವ ಕಲೆಯ ಸುದ್ದಿಯೂ ಸಾರ್ವಜನಿಕರ ಸ್ವತ್ತು. ಅದನ್ನು ತಿಳಿದವರು ತಿಳಿಯದವರಿಗೆ ಮುಟ್ಟಿಸುವುದನ್ನು ಉಪಕಾರ ಎಂದು ನಾನು ಎಣಿಸುವುದಿಲ್ಲ, ನಮ್ಮ ಕಸುಬಿನ ಕರ್ತವ್ಯ ಎಂದೇ ನಂಬಿದ್ದೇನೆ.